ಮಗಳು ಕೊಟ್ಟ ಉಪ್ಪು

ಗುರುವಾರ, ಬೆಳಿಗ್ಗೆ

ಪ್ರೀತಿಯ ಗುಬ್ಬಿಗೆ ಅಮ್ಮನ ಆಶೀರ್ವಾದ.

ನಾವಿಲ್ಲಿ ಕ್ಷೇಮ ಅಂತ ಬರೆಯೋಣ ಎಂದರೆ ಕೈ ಬರುತ್ತಿಲ್ಲ. ನಿಮ್ಮಪ್ಪ ಸ್ನಾನಕ್ಕೆ ಹೋಗಿದ್ದಾರೆ. ಅವರು ಹೊರಗೆ ಬರುವಷ್ಟರಲ್ಲಿ ಇದನ್ನು ಬರೆದು ಅಂಟಿಸಬೇಕು. ಅಕ್ಷರ ಕಾಗೆ ಕಾಲಿನ ಹಾಗಿದ್ದರೆ ಬೈಯಬೇಡ. ನಿನ್ನೆಯಿಂದ ಫೋನು ಮಾಡಿ ಮಾಡಿ ಸಾಕಾಯಿತು, ನೀನು ಎತ್ತುವುದಿಲ್ಲ. ಆಫೀಸಿಗೆ ಮಾಡಿದರೆ ಫೋನು ಎತ್ತಿದ ಹುಡುಗಿ ಯಾವ ಬೀದಿ, ಮನೆ ನಂಬರ್ ಎಷ್ಟು ಎಂದು ಕೇಳಿದಳು. ನಾನು ಅವಳ ಅಮ್ಮ ಕಣೇ ಅನ್ನುವ ಮಾತು ಬಾಯಿಗೆ ಬಂದಿತ್ತು. ನಿನ್ನ ಸಂಶೋಧನೆಯಲ್ಲಿ ನಿನ್ನ ಹೆತ್ತವರ ಮನೆಯೇ ಸೇರಿದೆ ಎಂದು ಗೊತ್ತಾಗಿ ಕೆಲಸಕ್ಕೆ ಕುತ್ತು ಬಂದೀತು ಎಂದು ಹೆದರಿ ಇಟ್ಟುಬಿಟ್ಟೆ.

ಸುತ್ತಿ ಬಳಸಿ ಹೇಳುವಷ್ಟು ಹೊತ್ತಿಲ್ಲ. ನಿಮ್ಮಪ್ಪನ ಕಿಡ್ನಿ ಕೆಟ್ಟಿದೆ. ನೀನು ಬೀದಿಗೆಲ್ಲ ಹಂಚಿದ ಆ ಹೊಸ ಉಪ್ಪನ್ನು ಅವರು ತಿನ್ನಲೇಬಾರದಿತ್ತು. ಒಂದು ಹೊತ್ತೂ ಬಿಡದೆ ತಿಂದಿದ್ದಾರೆ.

ಮಂಗಳವಾರ ಮೀನಿನ ಶೆಡ್ಡಿನಲ್ಲಿ ಬುಟ್ಟಿ ಎತ್ತಲು ಹೋಗಿ ಕಾಲು ಸೋತು ಕೂತುಬಿಟ್ಟರಂತೆ. ಜೊತೆಯವರು ಬಂದರಿನ ಹತ್ತಿರದ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ರಕ್ತದ ರಿಪೋರ್ಟು ನೋಡಿ ಡಾಕ್ಟರ ಮುಖ ಬದಲಾಯಿತು. ಪೊಟ್ಯಾಷಿಯಂ ಏರಿ ಕೂತಿದೆ, ಹೀಗೇ ಬಿಟ್ಟರೆ ಎದೆಬಡಿತ ನಿಂತು ಹೋಗಬಹುದು, ಈಗಲೇ ಅಡ್ಮಿಟ್ ಮಾಡಿ ಎಂದರು. ಕಿಡ್ನಿ ಸರಿ ಇಲ್ಲ ಎಂದು ಹೋದ ವರ್ಷವೇ ಹೇಳಿದ್ದೆವಲ್ಲ ಅಂತಲೂ ಅಂದರು. ನನಗೆ ಭೂಮಿ ಬಾಯಿಬಿಟ್ಟ ಹಾಗಾಯಿತು. ಹೋದ ವರ್ಷ ಆಸ್ಪತ್ರೆಯಿಂದ ಬಂದು ಗ್ಯಾಸ್ ಟ್ರಬಲ್ ಅಂತೆ ಎಂದು ನನ್ನ ಕಿವಿಯ ಮೇಲೆ ಹೂ ಇಟ್ಟಿದ್ದರು, ಈ ಮಹಾನುಭಾವರು. ಇಂಜೆಕ್ಷನ್ ಕೊಟ್ಟು ಮಲಗಿಸಿದರು. ನಾನು ಔಷಧಿ ತರಲು ಕೆಳಗೆ ಹೋಗಿ ಬರುವುದರೊಳಗೆ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಕೈ ಹಿಡಿದು ಅತ್ತುಬಿಟ್ಟೆ. ಕೇಳಿದರೆ ತಾನೇ.

ಹೊರಡುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಏನಾದರೂ ಮಾಡಿ ವಾಪಸ್ ಕರೆದುಕೊಂಡು ಬನ್ನಿ ಎಂದರು. ಮನೆಯಲ್ಲಿ ಬೇರೆ ಥರದ ಉಪ್ಪು, ಬಿ.ಪಿ. ಇಳಿಸಲು ಪೊಟ್ಯಾಷಿಯಂ ಬೆರೆಸಿದ್ದು, ಬಳಸುತ್ತೀರಾ ಎಂದು ಕೇಳಿದರು. ಮನೆಗೆ ಬಂದು ನಿನ್ನ ಡಬ್ಬಿಯ ಮುಚ್ಚಳ ತಿರುಗಿಸಿ ನೋಡಿದೆ. ಕಿಡ್ನಿ ಕಾಯಿಲೆ ಇರುವವರು ಬಳಸಬಾರದು ಅಂತ ಒಳಗೆ ದೊಡ್ಡ ಅಕ್ಷರದಲ್ಲೇ ಚೀಟಿ ಅಂಟಿಸಿದ್ದೀರಿ. ದಿನಾ ತೆಗೆಯುವ ಮುಚ್ಚಳ. ಉಪ್ಪಿನ ಮುಚ್ಚಳದಲ್ಲಿ ಓದುವುದೇನಿರುತ್ತದೆ ಎಂದು ನಾನು ಒಂದು ದಿನವೂ ನೋಡಲಿಲ್ಲ.

ಡಬ್ಬಿಯನ್ನು ಕಸದ ಬುಟ್ಟಿಗೆ ಎಸೆದೆ. ಅವರು ಗೋಡೆ ಹಿಡಿದುಕೊಂಡು ಬಂದು, ಬಗ್ಗಿ ಎತ್ತಿ, ತಮ್ಮ ಟವೆಲಿನಲ್ಲಿ ಒರೆಸಿ ಮತ್ತೆ ಶೆಲ್ಫಿನಲ್ಲಿ ಇಟ್ಟರು. ನಾನು ಕೂಗಾಡಿದ ರಭಸಕ್ಕೆ ಪಕ್ಕದ ಮನೆಯ ಟೈಲರಮ್ಮ ಕಿಟಕಿಗೆ ಬಂದಳು. ನಿಮ್ಮಪ್ಪ ಸ್ಟೂಲಿನ ಮೇಲೆ ಕೂತು ಮೆಲ್ಲಗೆ ಅಂದರು: "ಉಪ್ಪು ಬಿಟ್ಟೆ ಅಂತ ಗೊತ್ತಾದ್ರೆ ನಮ್ಮ ಮನೆ ಹೆಸರನ್ನ ಅವಳ ಸಂಶೋಧನೆಯಿಂದ ತೆಗೆದುಹಾಕ್ತಾರೆ. ಆಮೇಲೆ ಅವಳು ಈ ಮನೆಗೆ ಯಾಕೆ ಬರ್ತಾಳೆ?"

ಕೇಳಿಸಿಕೊಂಡೆಯಾ ಗುಬ್ಬಿ? ಇಷ್ಟಕ್ಕೇ ಕಣೇ. ನೀನು ಮೂರು ತಿಂಗಳಿಗೊಮ್ಮೆ ಬಂದು ಬಿ.ಪಿ. ನೋಡುತ್ತೀಯಲ್ಲ, ಅಷ್ಟಕ್ಕೇ ಈ ಮನುಷ್ಯ ಜೀವ ಒತ್ತೆ ಇಟ್ಟಿದ್ದಾರೆ.

ಅಜ್ಜಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಾಗಲೇ ನೀನು ಈ ದಾರಿ ಹಿಡಿದೆ, ನನಗೆ ಗೊತ್ತು. ಉಪ್ಪು, ಬಿ.ಪಿ., ಊಟ, ನಡಿಗೆ ಎಂದು ಹಗಲೂ ರಾತ್ರಿ ಓದಿದೆ. ಕಾಯಿಲೆ ಬಂದ ಮೇಲೆ ಒದ್ದಾಡುವುದಕ್ಕಿಂತ ಬಾರದ ಹಾಗೆ ನೋಡಿಕೊಳ್ಳಬೇಕಮ್ಮಾ ಎನ್ನುತ್ತಿದ್ದೆ. ಆದರೆ ಬಂದರಿನ ಸಭೆಯಲ್ಲಿ ಮೈಕು ಹಿಡಿದು, ನಮ್ಮ ಶೆಡ್ಡುಗಳ ಉಪ್ಪುಮೀನೇ ಊರಿನ ಬಿ.ಪಿ. ಏರಿಸುತ್ತಿರುವುದು ಎಂದೆಯಲ್ಲ, ಅವತ್ತು ನಿಮ್ಮಪ್ಪ ಮುಂದಿನ ಸಾಲಿನಲ್ಲೇ ಕೂತಿದ್ದರು. ಮನೆಗೆ ಬಂದು, ಆ ಮೀನಿನಿಂದಲೇ ನಿನ್ನ ಓದು ನಡೆದದ್ದು ಎಂದು ಅಬ್ಬರಿಸಿದರು. ಅದೇ ಮೀನು ಅಜ್ಜಿಯನ್ನೂ ತಿಂತು ಎಂದು ನೀನು ತಿರುಗಿ ಅಂದೆ. ಬ್ಯಾಗು ತೆಗೆದುಕೊಂಡು ಹೊರಟೆ. ಅವರು ಕರೆಯಲಿಲ್ಲ, ನೀನು ತಿರುಗಿ ನೋಡಲಿಲ್ಲ. ಅಪ್ಪ ಮಗಳು ಇಬ್ಬರೂ ಒಂದೇ ಅಚ್ಚು, ಮಧ್ಯೆ ಅರೆದು ಹೋದವಳು ನಾನು.

ನಿಮ್ಮ ಉಪ್ಪಿನ ವ್ಯಾನು ನಮ್ಮ ಬೀದಿಗೆ ಬಂದಾಗ ಎಲ್ಲರಿಗಿಂತ ಮೊದಲು ಓಡಿದವರು ಅವರೇ. ಕಿಡ್ನಿ ತೊಂದರೆ ಇದೆಯಾ ಎಂದು ವ್ಯಾನಿನಲ್ಲಿದ್ದ ಹುಡುಗಿ ಕೇಳಿದ್ದಕ್ಕೆ, ನಮ್ಮ ವಂಶದಲ್ಲೇ ಇಲ್ಲಮ್ಮ ಎಂದು ನಕ್ಕರು. ನಾನೂ ನಂಬಿದೆ. ಆಮೇಲೆ ಒಂದು ದಿನ ಬಿ.ಪಿ. ಮೆಷಿನು ಹಿಡಿದು ಬಾಗಿಲಲ್ಲಿ ನೀನೇ ನಿಂತಿದ್ದೆ. ಸೌಟು ಹಿಡಿದವಳು ಹಾಗೇ ನಿಂತೆ. ಉಪ್ಪು ದಿನಾ ಬಳಸ್ತಿದ್ದೀರಾ ಎಂದು ಬೇರೆ ಮನೆಯವರನ್ನು ಕೇಳಿದ ಹಾಗೆ ಕೇಳಿದೆ. ಬಳಸ್ತಿದ್ದೀನಿ ಮೇಡಂ ಎಂದರು ಅವರು. ಅಡುಗೆಮನೆಗೆ ಹೋಗಿ ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಮಾಡಿದೆ.

ನೀನು ಬರುವ ದಿನ ಅವರನ್ನು ನೋಡಬೇಕು. ಗಡ್ಡ ಕೆರೆದು, ಇಸ್ತ್ರಿ ಅಂಗಿ ಹಾಕಿ, ಬೆಳಿಗ್ಗೆಯೇ ತೋಳು ಮಡಚಿಕೊಂಡು ಕೂರುತ್ತಾರೆ. ಮೀನಿನ ವಾಸನೆ ಬರುತ್ತಾ ನೋಡು ಎಂದು ನನ್ನ ಮೂಗಿಗೆ ಕೈ ಹಿಡಿಯುತ್ತಾರೆ. ಹೋದ ಸಲ ಬಿ.ಪಿ. ಚೆನ್ನಾಗಿ ಇಳಿದಿದೆ ಅಂದೆಯಲ್ಲ, ಅದನ್ನೇ ಇಡೀ ಬಂದರಿಗೆ ಹೇಳಿಕೊಂಡು ಬಂದರು. ನಿಜವಾಗಿ ಇಳಿದಿತ್ತು. ಟೈಲರಮ್ಮನದೂ ಇಳಿದಿದೆ, ನಿನ್ನ ಹೊಟ್ಟೆ ತಣ್ಣಗಿರಲಿ ಅನ್ನುತ್ತಾಳೆ. ನಿನ್ನ ಕೆಲಸದಲ್ಲಿ ತಪ್ಪು ಹುಡುಕುತ್ತಿಲ್ಲ ಮಗಳೇ. ಬೀದಿಗೆಲ್ಲ ಒಳ್ಳೆಯದಾದದ್ದು ನನ್ನೊಬ್ಬಳ ಮನೆಗೆ ವಿಷವಾಯಿತು.

ನಾನು ನಿನ್ನನ್ನೂ ನೋಡಿದ್ದೇನೆ. ಬೇರೆ ಮನೆಗಳಿಗೆಲ್ಲ ನಿನ್ನ ಆಫೀಸಿನ ಹುಡುಗಿಯರು ಹೋಗುತ್ತಾರೆ, ನಮ್ಮ ಮನೆಗೆ ಮಾತ್ರ ಅವರ ಮೇಲಿನವಳಾದ ನೀನೇ ಯಾಕೆ ಬರುತ್ತೀಯ? ಬಿ.ಪಿ. ಮೆಷಿನಿನ ಪಟ್ಟಿಯನ್ನು ಅವರ ತೋಳಿಗೆ ಸುತ್ತಲು ಅಷ್ಟು ಹೊತ್ತು ಯಾಕೆ ಬೇಕು? ಅಮ್ಮನಿಗೆ ಕಾಣುವುದಿಲ್ಲ ಅಂದುಕೊಂಡಿದ್ದೀಯ.

ನಿನ್ನೆ ಅವರಿಗೆ ಗೊತ್ತಾಗದ ಹಾಗೆ ಡಬ್ಬಿ ಖಾಲಿ ಮಾಡಿ ಅಂಗಡಿ ಉಪ್ಪು ತುಂಬಿಸಿದೆ. ಜೀವಮಾನವೆಲ್ಲ ಮೀನಿಗೆ ಉಪ್ಪು ತಿಕ್ಕಿದವರ ನಾಲಿಗೆ ಅದು. ಒಂದು ತುತ್ತು ಬಾಯಿಗಿಟ್ಟು, "ಇದು ಅವಳದಲ್ಲ" ಅಂದರು. ತಟ್ಟೆ ಸರಿಸಿ ಎದ್ದು ಹೋಗಿ, ಟೈಲರಮ್ಮನ ಮನೆಯಿಂದ ನಿನ್ನ ಉಪ್ಪನ್ನು ಕಡ ತಂದು ಉದುರಿಸಿಕೊಂಡರು. ಕಾಲಿಗೆ ಬಿದ್ದೆ, ಉಪವಾಸ ಕೂರುತ್ತೇನೆ ಎಂದು ಹೆದರಿಸಿದೆ, ಅವರ ಗೆಳೆಯ ಬೋಟಿನ ಮೆಕ್ಯಾನಿಕ್ಕನ ಕೈಲೂ ಹೇಳಿಸಿದೆ. ಮುಂದಿನ ತಿಂಗಳು ಅವಳು ಬಂದು ಹೋಗಲಿ, ಆಮೇಲೆ ಆಸ್ಪತ್ರೆ ಅಂತಾರೆ. ಮುಂದಿನ ತಿಂಗಳು! ನಿನ್ನೆ ಹೊಸಿಲು ದಾಟಲು ಕಾಲು ಎತ್ತಲಾಗದೆ ನನ್ನ ಹೆಗಲು ಹಿಡಿದರು. ಎದೆಯೊಳಗೆ ಏನೋ ತಪ್ಪಿ ತಪ್ಪಿ ಹೊಡೆಯುತ್ತದೆ ಅಂತಾರೆ. ಮಲಗಿದರೆ ಮೂಗಿನ ಹತ್ತಿರ ಕೈ ಇಟ್ಟು ನೋಡುತ್ತೇನೆ, ಉಸಿರಿದೆಯಾ ಅಂತ.

ಈಗ ನನ್ನ ಕೈಲಿ ಏನೂ ಉಳಿದಿಲ್ಲ. ಅವರು ಕೇಳುವುದಾದರೆ ನಿನ್ನ ಮಾತು ಒಂದನ್ನೇ. ನಿನ್ನ ಆಫೀಸಿನ ಕೆಳಗೇ ಆಸ್ಪತ್ರೆ ಇದೆ. ಅಡ್ಮಿಟ್ ಮಾಡು. ನಮ್ಮ ಮನೆಯ ಹೆಸರು ಹೊಡೆದುಹಾಕು, ನಿನ್ನ ಲೆಕ್ಕ ಕೆಟ್ಟರೆ ಕೆಡಲಿ. ಹೆಸರು ಹೋದ ಮೇಲೂ ಬರುತ್ತೀನಿ ಅಂತ ಅವರಿಗೆ ಹೇಳು. ಯಾರು ಸರಿ ಯಾರು ತಪ್ಪು ಎಂದು ಆಮೇಲೆ ಇಬ್ಬರೂ ಕೂತು ಜಗಳ ಆಡಿ, ನಾನು ಬಿಡಿಸಲು ಬರುವುದಿಲ್ಲ. ಆದರೆ ಜಗಳವಾಡಲು ಅವರು ಇರಬೇಕಲ್ಲ.

ನೀರಿನ ಸದ್ದು ನಿಂತಿತು. ಮುಗಿಸುತ್ತೇನೆ.

ನಿನ್ನ ದಾರಿ ಕಾಯುವ
ಅಮ್ಮ

ತಾ.ಕ.: ಈ ಕಾಗದವನ್ನು ನಿಮ್ಮ ಆಫೀಸಿನ ವಾಚ್‌ಮನ್ ಕೈಗೆ ಕೊಟ್ಟವರು ನಿಮ್ಮಪ್ಪನೇ. ಮೆಕ್ಯಾನಿಕ್ಕನ ಗಾಡಿಯಲ್ಲಿ ಕಳಿಸಿದ್ದೇನೆ, ಹಿಂದೆಯೇ ಬಸ್ಸಿನಲ್ಲಿ ನಾನೂ ಬರುತ್ತೇನೆ. ಮೆಟ್ಟಿಲು ಹತ್ತುವ ಶಕ್ತಿ ಅವರಿಗಿಲ್ಲ, ಕೆಳಗೆ ಬೆಂಚಿನ ಮೇಲೆ ಕೂತಿರುತ್ತಾರೆ, ಇಸ್ತ್ರಿ ಅಂಗಿ ಹಾಕಿಕೊಂಡು. ಆಸ್ಪತ್ರೆ ಎಂದರೆ ಏಳುತ್ತಿರಲಿಲ್ಲ. ಅದಕ್ಕೇ, ಗುಬ್ಬಿ ಫೋನು ಮಾಡಿದ್ದಳು, ಅಪ್ಪನ್ನ ಕಳಿಸು ಅಂದಳು ಎಂದು ಸುಳ್ಳು ಹೇಳಿದೆ. "ಅಪ್ಪ ಅಂತಲೇ ಅಂದಳಾ?" ಎಂದು ಎರಡು ಸಲ ಕೇಳಿದರು. ಹೌದು, ಹಾಗೇ ಅಂದಳು ಎಂದೆ. ಇಳಿದು ಹೋಗು ಗುಬ್ಬಿ, ಹಾಗೇ ಕರಿ.