ಟೊಪ್ಪಿಗೆಯೋ ಗೋಲೋ

ಸೊಲ್ಲಾಪುರ, ೧೩ ಡಿಸೆಂಬರ್ ೧೯೩೧, ರವಿವಾರ

ಮತ್ತೆ ಸೋತೆವು. ಈ ವರ್ಷ ನಮ್ಮ ರಾಷ್ಟ್ರೀಯ ಕಾಲೇಜಿನ ಫುಟ್‌ಬಾಲ್ ತಂಡ ಒಂದು ಪಂದ್ಯವನ್ನೂ ಗೆದ್ದಿಲ್ಲ. ಖಾದಿ ಟೊಪ್ಪಿಗೆ ತೆಗೆಯದೆ ಆಡಬೇಕೆಂದು ಕಟ್ಟಳೆ ಮಾಡಿದವನು ನಾನೇ. ಅದು ಬಿದ್ದೀತೆಂದು ಹುಡುಗರು ಚೆಂಡನ್ನು ತಲೆಯಿಂದ ಹೊಡೆಯುವುದೇ ಇಲ್ಲ. ಇಂದು ಪೊಲೀಸರ ತಂಡದೆದುರು ನಮ್ಮ ಸಾತಲಿಂಗ ತಲೆಯಿಂದ ಹೊಡೆದ. ಚೆಂಡು ಗೋಲಿನ ಮುಂದೆಯೇ ಬಿತ್ತು, ಇನ್ನೊಂದು ಒದೆತ ಸಾಕಿತ್ತು. ಅವನು ಚೆಂಡು ಬಿಟ್ಟು, ಕೆಳಗೆ ಬಿದ್ದ ಟೊಪ್ಪಿಗೆ ಎತ್ತಿಕೊಂಡ.

"ಹುಚ್ಚಪ್ಪ, ಚೆಂಡ ಯಾಕ ಬಿಟ್ಟಿಯೋ?" ಎಂದು ಗದರಿದೆ.

"ಟೊಪ್ಪಿಗಿ ಅವರ ಬೂಟಿನ ಕೆಳಗ ಸಿಗ್ತಿತ್ರಿ ಮಾಸ್ತರ. ಹೋದ ವರ್ಷ ಇದರ ಸಲುವಾಗಿ ಲಾಠಿ ತಿಂದೇನಿ ಅಂತ ಭಾಷಣದಾಗ ನೀವ ಹೇಳೀರಲ್ರಿ."

ಲಾಠಿ ತಿಂದದ್ದು ಸುಳ್ಳಲ್ಲ. ಆ ಭಾಷಣ ನಾಳೆಯೂ ಮಾಡಬಲ್ಲೆ. ಆದರೆ ಆ ಗಳಿಗೆಯಲ್ಲಿ ನನಗೆ ಗೋಲು ಬೇಕಾಗಿತ್ತು. ಈಗಲೂ ಬೇಕು.