ಮೂರು ವರ್ಷಕ್ಕೆ ತಾನೇ?

ವಕೀಲರಿಗೆ ನಮಸ್ಕಾರ.

ಮೂರು ವರ್ಷದ ಹಿಂದೆ ನಿಮ್ಮ ಕೈಯಲ್ಲಿ ಮನೆಯ ಕ್ರಯಪತ್ರ ಬರೆಸಿದ ಹೊಲಿಗೆಯವಳು ನಾನು. ಪ್ರಶ್ನೆಗಳ ಪಟ್ಟಿ ಹಿಡಿದು ಬಂದು ನಿಮ್ಮ ತಲೆ ತಿಂದವಳು ಎಂದರೆ ನೆನಪಾದೀತು. ಮನೆಯ ಮೇಲೆ ಸಾಲವಿದೆಯೇ, ನಡುಗೋಡೆ ಯಾರದು, ಹಕ್ಕಿರುವವರೆಲ್ಲ ಸಹಿ ಹಾಕುತ್ತಾರೆಯೇ ಎಂದೆಲ್ಲ ಕೇಳಿದ್ದೆ. "ಮಾರೋರ ಅಕ್ಕನೂ ಹಾಕ್ತಾರೆ, ನಿಶ್ಚಿಂತೆಯಾಗಿರಿ" ಎಂದಿದ್ದಿರಿ.

ನಿಮಗೆ ಹೇಳದೆ ಉಳಿಸಿಕೊಂಡ ಮಾತೊಂದಿದೆ. ಅಂದು ನೋಂದಣಿ ಕಚೇರಿಯ ಬೆಂಚಿನ ಮೇಲೆ ಆ ಅಕ್ಕ ಮೆಲ್ಲಗೆ, "ಬಾಡಿಗೆ ಕಾಗದ ತಾನೇ ಇದು? ಮೂರು ವರ್ಷಕ್ಕೆ ಅಂದ ನನ್ನ ತಮ್ಮ" ಎಂದು ನನ್ನನ್ನು ಕೇಳಿದರು. ಕೈಗೆ ಬಂದ ಮನೆ ಎಲ್ಲಿ ತಪ್ಪೀತೋ ಎಂದು, "ನಿಮ್ಮ ತಮ್ಮನ್ನೇ ಕೇಳಿ ಅಕ್ಕ" ಎಂದು ಮುಖ ತಿರುಗಿಸಿದೆ. ಅಧಿಕಾರಿ "ಓದಿ ಹೇಳಿದ್ದಾರಾ?" ಎಂದಾಗ ಅವರು ತಮ್ಮನ ಮುಖ ನೋಡಿ ತಲೆಯಾಡಿಸಿದರು.

ನಿನ್ನೆ ಆ ಅಕ್ಕ ಪೆಟ್ಟಿಗೆ, ಚಾಪೆ ಹಿಡಿದು ಬಂದಿದ್ದಾರೆ. ಅವರ ತಮ್ಮ ಫೋನು ಎತ್ತುತ್ತಿಲ್ಲ. ನಿಜ ಹೇಳಲು ನನಗಿನ್ನೂ ಬಾಯಿ ಬಂದಿಲ್ಲ.

ಹಿಂದಿನ ಕೋಣೆಯನ್ನು ಅವರು ಬದುಕಿರುವಷ್ಟು ದಿನ ಅವರಿಗೇ ಬಿಟ್ಟುಕೊಡಲು ಯಾವ ಪತ್ರ ಬೇಕು, ಯಾರ್ಯಾರ ಸಹಿ ಬೇಕು, ದಯವಿಟ್ಟು ಬೇಗ ತಿಳಿಸಿ. ಈ ಸಲ ಅದನ್ನು ಒಂದಕ್ಷರ ಬಿಡದೆ ನೀವೇ ಅವರಿಗೆ ಓದಿ ಹೇಳಬೇಕು.

ಇದನ್ನು ಬರೆಯುವಾಗ ಅವರು ನನ್ನ ಮೆಷಿನ್ನಿನ ಪಕ್ಕ ಕೂತು, ಗಿರಾಕಿಯ ಅಂಗಿಗೆ ಗುಂಡಿ ಹೊಲಿದುಕೊಡುತ್ತಿದ್ದಾರೆ. ಆಗಾಗ ತಲೆಯೆತ್ತಿ ಕೇಳುತ್ತಾರೆ: "ಪಾಪ, ನಿಂಗೆ ಬೇರೆ ಮನೆ ಸಿಕ್ತೇನಮ್ಮಾ?"

ನಿಮ್ಮ ಉತ್ತರಕ್ಕೆ ಕಾದಿರುವ,
ಹೊಲಿಗೆಯವಳು