ದೊರೆ ಬೆಟ್ಟ ಹತ್ತಿದ ಭಾನುವಾರಗಳು

ಅಂಗಡಿಯ ಹಿಂದಿನ ಕೋಣೆ
ಏಪ್ರಿಲ್ 14, ಭಾನುವಾರ ಸಂಜೆ

ಪ್ರೀತಿಯ ತಮ್ಮಾ,

ಈ ಸಲ ಕಾಗದ ತಡವಾಯಿತು, ಮುನಿಸಿಕೊಳ್ಳಬೇಡ. ಹೋಟೆಲಿನವರು ಎಲ್ಲ ಕೋಣೆಗಳ ಪರದೆಗಳನ್ನೂ ಒಟ್ಟಿಗೆ ತಂದು ಸುರಿದಿದ್ದರು. ಒಗೆದು ಇಸ್ತ್ರಿ ಮುಗಿಸುವಷ್ಟರಲ್ಲಿ ನನ್ನ ಕೈ ಪೆನ್ನು ಹಿಡಿಯಲೂ ಒಲ್ಲೆ ಅನ್ನುತ್ತಿತ್ತು. ನೀನು ಕೋಲೂರಿಕೊಂಡು ವಾರ್ಡಿನ ಬಾಗಿಲವರೆಗೂ ನಡೆದೆ ಎಂದು ನರ್ಸಮ್ಮ ಫೋನ್ ಮಾಡಿ ಹೇಳಿದರು. ಕೇಳಿ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆಯೇ ಮರೆತೆ. ಯಾರದೋ ಪ್ಯಾಂಟು ಸುಟ್ಟಿತು, ಸುಡಲಿ.

ಈಗ ನಿನ್ನ ನಾಯಿರಾಯರ ಸಮಾಚಾರ. ಬೆಳಿಗ್ಗೆ ನಾನು ಶೂ ಕಟ್ಟುವ ಮೊದಲೇ ದೊರೆ ಬಾಗಿಲಲ್ಲಿ ಹಾಜರ್. ಕಾಡಿನ ಗೇಟು ದಾಟಿದ್ದೇ ತಡ, ಹಿಡಿಯುವವರಿಲ್ಲ. ಹೊಳೆಯನ್ನು ಒಂದೇ ನೆಗೆತಕ್ಕೆ ದಾಟಿದ. ನಾನು ಶೂ ಕೈಯಲ್ಲಿ ಹಿಡಿದು, ಎಲ್ಲ ದೇವರನ್ನೂ ನೆನೆಯುತ್ತ, ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಆಚೆ ಸೇರಿದೆ. ಎರಡನೆಯ ತಿರುವಿನ ದೊಡ್ಡ ಪೈನ್ ಮರದ ಕೆಳಗೆ ಕೂತು ಬ್ರೆಡ್ಡು, ಮೊಟ್ಟೆ ತಿಂದೆವು. ತನ್ನ ಪಾಲು ಮುಗಿಸಿ ನನ್ನ ಪಾಲಿಗೂ ಬಾಯಿ ಹಾಕಿದ. ಆಮೇಲೆ ಪ್ರತಿ ತಿರುವಿನಲ್ಲೂ ನಿಂತು ಹಿಂತಿರುಗಿ ನೋಡುವುದು, ನಾನು ಏದುಸಿರು ಬಿಡುತ್ತ ಹತ್ತಿರ ಬಂದ ಕೂಡಲೇ ಮತ್ತೆ ಓಡುವುದು. ಕಾವಲು ಗೋಪುರದಿಂದ ನಮ್ಮ ಅಂಗಡಿಯ ಮಾಳಿಗೆ, ಅದರ ಮೇಲೆ ಒಣಹಾಕಿದ ಬಿಳಿ ಚಾದರಗಳೂ ಕಂಡವು.

ವ್ಯಾಯಾಮ ತಪ್ಪಿಸಬೇಡ. ಹೊಟ್ಟೆ ತುಂಬ ಊಟ ಮಾಡು. ನೀನು ಬರುವವರೆಗೂ ಒಂದು ಭಾನುವಾರವನ್ನೂ ಬಿಡದೆ ಅವನನ್ನು ಬೆಟ್ಟಕ್ಕೆ ಕರೆದೊಯ್ಯುತ್ತೇನೆ. ಬೇಗ ಗುಣವಾಗು, ನನ್ನಪ್ಪಾ.

ನಿನ್ನ ಅಕ್ಕ


ಅಂಗಡಿಯ ಹಿಂದಿನ ಕೋಣೆ
ಮೇ 9, ಗುರುವಾರ

ತಮ್ಮಾ,

ನಿನ್ನ ಕಾಗದ ಬಂದು ಎರಡು ವಾರವಾಗುತ್ತ ಬಂತು. ಚೆನ್ನಾಗಿದ್ದೀಯಾ ಎಂದು ಕೇಳುವ ಮುಖವೂ ನನಗಿಲ್ಲ. ಬರೆಯುತ್ತೇನೆ, ಹರಿಯುತ್ತೇನೆ. ತಡವಾದದ್ದಕ್ಕೆ ಈ ಸಲ ಪರದೆಗಳ ನೆಪ ಹೇಳುವುದಿಲ್ಲ.

ನೀನು ಬರೆದದ್ದು ನನಗೆ ಬಾಯಿಪಾಠವಾಗಿದೆ. "ಅಕ್ಕಾ, ನಡೀಬಹುದು, ಬೆಟ್ಟ ಮಾತ್ರ ಇನ್ನಾಗಲ್ಲ ಅಂದ್ರು ಡಾಕ್ಟ್ರು. ಲೈನ್‌ಮನ್ ಕೆಲ್ಸಾನೂ ಮುಗೀತು. ಇಲ್ಲೇ ಆಫೀಸಲ್ಲಿ ಕೂತು ಕರೆಂಟಿನ ದೂರು ಬರ್ಕೊಳ್ಳೋ ಕೆಲ್ಸ ಕೊಡ್ತಾರಂತೆ. ಇಲ್ಲೇ ಒಂದು ರೂಮ್ ಮಾಡ್ಕೋತೀನಿ. ದೊರೆ ನಿನ್ ಹತ್ರಾನೇ ಇರ್ಲಿ. ಅಷ್ಟು ಖುಷಿಯಾಗಿ ಬೆಟ್ಟ ಹತ್ತೋನನ್ನ ನನ್ ಕಾಲಿಗೆ ಕಟ್ಟಿ ಹಾಕಿದ್ರೆ ಪಾಪ ಸುತ್ಕೊಳುತ್ತೆ. ನನ್ನ ನೋಡೋಕೂ ಕರ್ಕೊಂಡ್ ಬರ್ಬೇಡ. ಮರ್ತಿದ್ದಾನಲ್ಲ, ಮರ್ತೇ ಇರ್ಲಿ."

ಅವನು ಮರೆತಿಲ್ಲ ಕಣೋ. ಬೆಟ್ಟವನ್ನೂ ಹತ್ತಿಲ್ಲ. ಒಂದು ಭಾನುವಾರವೂ ಹತ್ತಿಲ್ಲ. ನಾನು ಬರೆದದ್ದೆಲ್ಲ ಸುಳ್ಳು.

ಮೊದಲ ಭಾನುವಾರ ನೀನು ಹೇಳಿದಂತೆಯೇ ಹೊರಟೆ. ಕಾಡಿನ ಗೇಟಿನವರೆಗೂ ನನ್ನನ್ನು ಎಳೆದುಕೊಂಡೇ ಹೋದ. ಅಲ್ಲಿ ನೀನು ಯಾವಾಗಲೂ ಸೈಕಲ್ ನಿಲ್ಲಿಸುವ ಜಾಗವನ್ನು ಮೂಸಿದ, ಸುತ್ತ ನೋಡಿದ, ರಸ್ತೆಯ ಕಡೆ ತಿರುಗಿ ಕೂತ. ಮುದ್ದು ಮಾಡಿದೆ, ಗದರಿದೆ, ಮೊಟ್ಟೆ ತೋರಿಸಿದೆ. ಹಗ್ಗ ಹಿಡಿದು ಎಳೆದರೆ ನಾನೇ ಜಾರಿ ಬಿದ್ದೆ. ಗೇಟಿನ ಗಾರ್ಡು ನಗು ತಡೆದುಕೊಂಡು, "ಬಿಡಿ ಅಮ್ಮಾ, ಅವ್ನ ಯಜಮಾನ್ರು ಬರ್ದೇ ಅವ್ನು ಏಳಲ್ಲ" ಅಂದ. ಮಧ್ಯಾಹ್ನದವರೆಗೂ ಅಲ್ಲೇ ಕೂತಿದ್ದೆವು. ಸೈಕಲ್ಲಿನ ಸದ್ದಾದಾಗೆಲ್ಲ ಅವನ ಕಿವಿ ನೆಟ್ಟಗಾಗುತ್ತಿತ್ತು. ಸೈಕಲ್ ಸವಾರನ ಮುಖ ಕಂಡ ಮೇಲೆ ಮತ್ತೆ ಬೀಳುತ್ತಿತ್ತು.

ಮನೆಗೆ ಬಂದು ಇದನ್ನೇ ಬರೆಯೋಣವೆಂದು ಕೂತೆ. ಆದರೆ ಅದೇ ದಿನ ನರ್ಸಮ್ಮ ಫೋನ್ ಮಾಡಿ, "ನಿಮ್ ತಮ್ಮ ಗೋಡೆ ಕಡೆ ತಿರುಗಿ ಮಲ್ಗಿದ್ರೆ ಏಳೋದೇ ಇಲ್ಲ, ಒಂದು ತುತ್ತೂ ತಿಂತಿಲ್ಲ" ಅಂದಿದ್ದರು. ಅಂಥವನಿಗೆ ನಾಯಿ ನಿನ್ನ ದಾರಿ ಕಾಯುತ್ತ ಕೂತಿದೆ ಎಂದು ಹೇಗೆ ಬರೆಯಲಿ? ತುದಿಯವರೆಗೂ ಓಡಿದ ಎಂದು ಬರೆದುಬಿಟ್ಟೆ. ಆ ಕಾಗದ ಓದಿ ನೀನು ಎದ್ದು ಕೂತೆಯಂತೆ. ವಾರ್ಡಿನವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದೆಯಂತೆ. ಆಮೇಲೆ ನನಗೆ ಸುಳ್ಳಿನ ರುಚಿ ಹತ್ತಿತು.

ಬೆಟ್ಟವನ್ನು ನಾನು ಹತ್ತಿ ಕಂಡವಳೇ ಅಲ್ಲ. ಗೇಟಿನ ಹತ್ತಿರದ ಬೆಂಚಿನಲ್ಲಿ ಕೂತು, ಹೊಳೆಯಲ್ಲಿ ನೀರೆಷ್ಟಿದೆ, ಯಾವ ಮರ ಚಿಗುರಿದೆ, ಮೇಲಿನಿಂದ ಏನೇನು ಕಾಣುತ್ತದೆ ಎಂದು ಗಾರ್ಡನ್ನು ಕೇಳುತ್ತಿದ್ದೆ. ಅವನು ಹೇಳುತ್ತಿದ್ದ, ನಾನು ಅದಕ್ಕೆ ಉಪ್ಪು ಖಾರ ಹಚ್ಚುತ್ತಿದ್ದೆ. ಪೈನ್ ಮರ ಮಾತ್ರ ನನ್ನದೇ ಕಲ್ಪನೆ. "ಆ ಮರ ಹೋದ ಮಳೆಗಾಲದ ಗಾಳಿಗೇ ಬಿತ್ತಲ್ಲ ಅಕ್ಕಾ?" ಎಂದು ನೀನು ಬರೆದು ಕೇಳಿದಾಗ ಬೆವತುಹೋದೆ. "ಕಾಡಿನಲ್ಲಿ ಇರುವುದು ಒಂದೇ ಪೈನ್ ಮರವೇನೋ" ಎಂದು ನಿನ್ನನ್ನೇ ದಬಾಯಿಸಿ ಬರೆದೆ. ಫೋನಿನಲ್ಲಾಗಿದ್ದರೆ ನನ್ನ ದನಿ ಕೇಳಿಯೇ ನೀನು ಹಿಡಿದುಬಿಡುತ್ತಿದ್ದೆ. ಮತ್ತೆ ಮತ್ತೆ ಓದಬಹುದೆಂದು ಕಾಗದ ಬೇಕೆಂದವನು ನೀನೇ. ನನಗೆ ಅದೇ ಅನುಕೂಲವಾಯಿತು.

ನಿನ್ನನ್ನು ಏಳಿಸಲು ಹೇಳಿದ ಸುಳ್ಳು ಕೊನೆಗೆ ನಿನ್ನ ಕೈಯಿಂದಲೇ ಅವನನ್ನು ಬಿಡಿಸಿತು. ನಿನ್ನ ಕಾಗದ ಓದುವಾಗ ದೊರೆ ನನ್ನ ಎದುರೇ ಮಲಗಿದ್ದ. ಅವನ ಮುಖ ನೋಡಲು ನನ್ನಿಂದ ಆಗಲಿಲ್ಲ. ನೀನು ಹೇಗೂ ಬೆಟ್ಟ ಹತ್ತುವುದಿಲ್ಲವಲ್ಲ, ಇದು ಹೀಗೇ ಇರಲಿ, ಯಾರಿಗೂ ಗೊತ್ತಾಗುವುದಿಲ್ಲ ಎಂದೂ ಒಂದೆರಡು ದಿನ ಯೋಚಿಸಿದೆ. ನಿನ್ನ ಅಕ್ಕ ಅಷ್ಟು ಕೀಳಾಗಿ ಯೋಚಿಸಬಲ್ಲವಳು, ತಿಳಿದುಕೋ.

ಕಳೆದ ಭಾನುವಾರ ಗೇಟಿನ ಬೆಂಚಿನಲ್ಲಿ ಕೂತು ಗಾರ್ಡಿಗೆ ಎಲ್ಲ ಹೇಳಿದೆ. ಅವನು ನನ್ನನ್ನು ಬೈಯುತ್ತಾನೆ ಅಂದುಕೊಂಡಿದ್ದೆ. ಟೋಪಿ ತೆಗೆದು ತಲೆ ಕೆರೆದುಕೊಂಡು, "ಅವ್ನಿಗೆ ಬೆಟ್ಟ ಬೇಕು ಅಂತ ನಿಮಗ್ಯಾರು ಹೇಳಿದ್ದು? ಅವ್ರು ಹೋಗ್ತಿದ್ರು, ಇವ್ನು ಹಿಂದೆ ಹೋಗ್ತಿದ್ದ, ಅಷ್ಟೇ" ಅಂದ. ಅದಕ್ಕೇ ಈ ಕಾಗದ ಹರಿಯದೆ ಉಳಿದಿದೆ.

ನನ್ನನ್ನು ಏನು ಬೇಕಾದರೂ ಅನ್ನು. ಮಾತು ಬಿಡು, ಕಾಗದಗಳನ್ನು ಸುಟ್ಟುಬಿಡು. ಅವನನ್ನು ಮಾತ್ರ ಬಿಡಬೇಡ. ಆ ಊರಿನಲ್ಲಿ ರೂಮ್ ಮಾಡುವುದಾದರೆ ಇಬ್ಬರಿಗೆ ಆಗುವಷ್ಟು ದೊಡ್ಡದು ಮಾಡು. ನೀನು ಬೀದಿಯ ಕೊನೆಯವರೆಗೆ ನಡೆದರೆ ಅವನಿಗೆ ಅಷ್ಟೇ ಸಾಕು. ಹೋಟೆಲಿನವರ ವ್ಯಾನು ಬರುವ ಬುಧವಾರ ನಿನ್ನ ಊರಿನ ಕಡೆ ಬರುತ್ತದೆ. "ನಾಯಿ ಕೂದ್ಲು ಒಂದು ಬಿದ್ರೂ ನನ್ ಕೆಲ್ಸ ಹೋಗುತ್ತೆ" ಎಂದು ಡ್ರೈವರ್ ಗೊಣಗುತ್ತಲೇ ಒಪ್ಪಿದ್ದಾನೆ. ಆಸ್ಪತ್ರೆಯ ಹಿಂದಿನ ತೋಟದಲ್ಲಿ ಕೂತಿರು. ದೊರೆಯನ್ನು ಒಳಗೆ ಬಿಟ್ಟು, ನೀನು ಕರೆದರೆ ಮಾತ್ರ ನಾನು ಬರುತ್ತೇನೆ.

ನಿನ್ನ ಕಾಲಿಗೆ ಬಲ ಬರಲಿ. ನೂರು ಕಾಲ ಚೆನ್ನಾಗಿರು. ನನ್ನ ಆಶೀರ್ವಾದಕ್ಕೆ ಇನ್ನೂ ಬೆಲೆ ಉಳಿದಿದ್ದರೆ ಅದೆಲ್ಲವೂ ನಿನಗೇ.

ನಿನ್ನ ಅಕ್ಕ

ಮರೆತ ವಿಷಯ: ಕಾಗದದ ಕೊನೆಯಲ್ಲಿ ನಿನ್ನ ನೀಲಿ ಜಾಕೆಟ್ ಕಳಿಸಲು ಹೇಳಿದ್ದೀಯ. ಅದು ಇಲ್ಲ. ನಿನ್ನ ಕಪಾಟಿನಲ್ಲಿ ಒಂದು ಅಂಗಿಯೂ ಇಲ್ಲ. ನೀನು ಕಂಬದಿಂದ ಬಿದ್ದ ಮರುದಿನ ದೊಡ್ಡ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಆಸೆ ಇಟ್ಕೋಬೇಡಿ" ಅಂದರು. ಊರಿಗೆ ಬಂದವಳೇ ನಿನ್ನ ಬಟ್ಟೆಗಳನ್ನೆಲ್ಲ ತೆಗೆದು ಒಗೆದೆ, ಇಸ್ತ್ರಿ ಮಾಡಿದೆ, ಮಡಚಿ, ಕೇಳಿದವರಿಗೆಲ್ಲ ಕೊಟ್ಟುಬಿಟ್ಟೆ. ಎದೆ ಒಡೆದುಹೋದಾಗ ನನಗೆ ಗೊತ್ತಿರುವ ಕೆಲಸ ಅದೊಂದೇ. ಆಗ ನೀನಿನ್ನೂ ಉಸಿರಾಡುತ್ತಿದ್ದೆ. ದೊರೆ ನನ್ನ ಹಿಂದೆಯೇ ಓಡಾಡುತ್ತ ಒಂದೊಂದು ಬಟ್ಟೆಯನ್ನೂ ಮೂಸಿದ. ಸೋಪಿನ ವಾಸನೆ ಬಿಟ್ಟು ಏನೂ ಸಿಗಲಿಲ್ಲವೋ ಏನೋ, ಹೋಗಿ ಬಾಗಿಲಲ್ಲಿ ಕೂತ. ನೀನು ಬರುತ್ತೀಯೆಂದು ಈ ಮನೆಯಲ್ಲಿ ಕಾದವನು ಅವನೊಬ್ಬನೇ.